ದೀರ್ಘಕಾಲದ ಕಾಯಿಲೆಯ ನಡುವೆ ದಿನನಿತ್ಯದ ಸಂತೋಷ ಎಲ್ಲಿದೆ?

ಪ್ರಶ್ನೆ:
ಆರು ವರ್ಷಗಳಿಂದ ನನಗೆ ರುಮಟಾಯ್ಡ್ ಸಂಧಿವಾತವಿದೆ. ಬೆಳಿಗ್ಗೆ ಬೆರಳುಗಳ ಬಿಗಿತ ಸಡಿಲಗೊಳ್ಳಲು ಒಂದು ಗಂಟೆಗೂ ಹೆಚ್ಚು ಸಮಯ ಬೇಕಾಗುತ್ತದೆ. ಅಷ್ಟರಲ್ಲಿ ದಿನದ ಉತ್ಸಾಹವೇ ಕರಗಿಹೋಗಿರುತ್ತದೆ. ಔಷಧಿಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ. ನಾನು ಕೇಳುತ್ತಿರುವುದು ಚಿಕಿತ್ಸೆಯ ಬಗ್ಗೆ ಅಲ್ಲ, ಇಂಥ ದಿನಗಳಲ್ಲಿ ನೀವು ಮನಸ್ಸಿಗೆ ಹುರುಪನ್ನು ಎಲ್ಲಿಂದ ತಂದುಕೊಳ್ಳುತ್ತೀರಿ ಎಂಬುದರ ಬಗ್ಗೆ.

ಉತ್ತರ 1:
ನನಗೂ ಇದೇ ಕಾಯಿಲೆ. ಮೊದಲೆರಡು ವರ್ಷ, ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಿದ್ದೆ. ಆಯಾಸವಾಗುವ ಮೊದಲೇ ನಿಲ್ಲಿಸುವುದನ್ನು ಕಲಿತ ಮೇಲೆ, ಉಳಿದ ಶಕ್ತಿಯಲ್ಲಿ ಸ್ವಲ್ಪವನ್ನು ಕೇವಲ ಇಷ್ಟದ ಕೆಲಸಕ್ಕೆಂದು ಎತ್ತಿಡಲು ಸಾಧ್ಯವಾಯಿತು. ಅದನ್ನು ಕಿಟಕಿಯ ಬಳಿಯ ಕುಂಡದ ಗಿಡಗಳಿಗೆ ಕೊಡುತ್ತೇನೆ. ಬೆರಳು ಬಿಗಿದಿರುವ ಆ ಒಂದು ಗಂಟೆ, ಹೊಸ ಚಿಗುರು ಬಂದಿದೆಯೇ ಎಂದು ನೋಡುತ್ತ ಕೂರುತ್ತೇನೆ. ನೋಡುವುದಕ್ಕೆ ಕೈಗಳ ನೆರವು ಬೇಕಿಲ್ಲ.

ಉತ್ತರ 2:
ಫ್ರಾನ್ಸಿನ ಚಿತ್ರಕಾರ ರೆನ್ವಾರ್ ಅವರನ್ನೂ ಇದೇ ಸಂಧಿವಾತ ಕಾಡಿತ್ತು. ಬೆರಳುಗಳು ಮಡಚಿಕೊಂಡು, ಓಡಾಟ ಗಾಲಿಕುರ್ಚಿಗೆ ಸೀಮಿತವಾದ ಮೇಲೂ, ಬೇರೆಯವರಿಂದ ಕುಂಚವನ್ನು ಕೈಗೆ ಇರಿಸಿಕೊಂಡು, 1919ರಲ್ಲಿ ತೀರಿಕೊಳ್ಳುವವರೆಗೂ ಅವರು ಚಿತ್ರ ಬರೆಯುತ್ತಿದ್ದರು. ಇದನ್ನು ನಿಮ್ಮ ಮೇಲೆ ಹೇರುವ ಮಾದರಿಯಾಗಿ ಹೇಳುತ್ತಿಲ್ಲ (ಅಂಥ ಹೋಲಿಕೆಗಳು ನನ್ನನ್ನೇ ಬಹಳ ನೋಯಿಸಿವೆ). ಇಷ್ಟದ ಕೆಲಸವನ್ನು ಬಿಡುವ ಬದಲು ಅದನ್ನು ಮಾಡುವ ವಿಧಾನವನ್ನು ಬದಲಿಸಿಕೊಂಡದ್ದು ನನಗೆ ಮುಖ್ಯವೆನಿಸಿತು. ಈಗ ನನ್ನ ದಿನಚರಿಯನ್ನು ಬರೆಯದೆ, ಫೋನಿನಲ್ಲಿ ಧ್ವನಿಮುದ್ರಿಸುತ್ತೇನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಿಟ್ಟುಬಿಟ್ಟಿದ್ದ ಕ್ರೋಶಾ ಹೆಣಿಗೆಯನ್ನು ದಪ್ಪ ಹಿಡಿಯ ಕಡ್ಡಿಯೊಂದಿಗೆ, ದಿನಕ್ಕೆ ಹತ್ತೇ ನಿಮಿಷ, ಮತ್ತೆ ಆರಂಭಿಸುತ್ತೇನೆ.