ಕಮಾನಿನ ಅಂಚಿಗೆ ಜೇನುಗೂಡು ಜಾಲಿ ಟ್ರಿಮ್ ಆಗುತ್ತಿಲ್ಲ (ಫ್ರೀಕ್ಯಾಡ್ 1.0)

ಮರದಪುಡಿ:
ಎಲ್ಲರಿಗೂ ನಮಸ್ಕಾರ. ಫ್ರೀಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ) ಬಳಸುತ್ತಿದ್ದೇನೆ. ದೇವರ ಮನೆ ಬಾಗಿಲಿಗೆ 6 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಜಾಲಿ, ಅಂದರೆ ತೂತುಗಳ ಜಾಲರಿ, ಮಾಡಬೇಕು, ಲೇಸರ್ ಕಟಿಂಗ್‌ಗೆ ಕೊಡೋದು. ಹಲಗೆ 420 × 900. ಸುತ್ತ 30 ಮಿ.ಮೀ. ಪಟ್ಟಿ ಬಿಟ್ಟು ಒಳಗೆಲ್ಲ ಜೇನುಗೂಡು, ಮೇಲ್ಗಡೆ ಅರ್ಧ ವೃತ್ತದ ಕಮಾನು. ಒಂದು ಷಟ್ಕೋನದ ಅಗಲ (ಬದಿಯಿಂದ ಎದುರು ಬದಿಗೆ) 24, ನಡುವಿನ ಕಡ್ಡಿ 4.

ಸ್ಕೆಚ್‌ನಲ್ಲೇ ಒಂದು ಷಟ್ಕೋನ ಬರೆದು ಅರೇ ಮಾಡಿದೆ (ಸಾಲು ಸಾಲಾಗಿ ನಕಲು ಮಾಡಿದೆ). 500 ಚಿಲ್ಲರೆ ಬಂತು. ಕಮಾನಿನ ಆಚೆ ಹೋಗಿದ್ದನ್ನು ಟ್ರಿಮ್ ಮಾಡಲು (ಕತ್ತರಿಸಲು) ಕೂತರೆ ಒಂದೊಂದು ಕ್ಲಿಕ್ಕಿಗೂ ಕಂಪ್ಯೂಟರ್ ನಿಂತೇ ಹೋಗುತ್ತದೆ. ಹತ್ತು ಹನ್ನೆರಡು ಗೆರೆ ಕತ್ತರಿಸಿದ ಮೇಲೆ ಪಕ್ಕದ ಷಟ್ಕೋನ ಸೊಟ್ಟಗಾಯಿತು. ಅಂಡೂ ಮಾಡಿ ಮಾಡಿ ಸಾಕಾಗಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಅರ್ಧಮಿಲಿ:
ಟ್ರಿಮ್ ಮಾಡಲು ಹೊರಟಿದ್ದೇ ತಪ್ಪು ಸರ್ :)

ಒಂದು ಷಟ್ಕೋನಕ್ಕೆ 6 ಗೆರೆ. 500ಕ್ಕೆ 3,000. ಜೊತೆಗೆ ಆರು ಬದಿಯೂ ಸಮ ಇರಲಿ, ತುದಿಗಳು ಕೂಡಿರಲಿ ಅಂತ ಒಂದೊಂದಕ್ಕೂ ಕನ್‌ಸ್ಟ್ರೇಂಟ್‌ಗಳು (ಗೆರೆಗಳು ಪಾಲಿಸಬೇಕಾದ ಕಟ್ಟಳೆಗಳು). ನೀವು ಒಂದು ಗೆರೆ ಮುಟ್ಟಿದರೂ ಸ್ಕೆಚ್ ಆ ಇಡೀ ಲೆಕ್ಕವನ್ನು ಮತ್ತೆ ಬಿಡಿಸಬೇಕು. ಇನ್ನು ಕತ್ತರಿಸಿದ ಬದಿ ಉಳಿದ ಐದಕ್ಕೆ ಸಮ ಆಗಿರೋದು ಹೇಗೆ ಸಾಧ್ಯ? ಅಲ್ಲಿಂದಲೇ ಎಳೆದಾಟ ಶುರು, ಆಕಾರ ಸೊಟ್ಟ.

ಸ್ಕೆಚ್‌ನಲ್ಲಿ ಎರಡೇ ಷಟ್ಕೋನ ಇಡಿ, ಎರಡೂ ಮೂತಿ (ಒಂದು ಮೂಲೆ) ಮೇಲೆ ಮಾಡಿಕೊಂಡು. ಮೊದಲನೆಯದರಿಂದ ಎರಡನೆಯದು ಬಲಕ್ಕೆ 14, ಮೇಲಕ್ಕೆ 24.25. ಈ ಸಂಖ್ಯೆ ಎಲ್ಲಿಂದ ಬಂತು ಅಂದರೆ: 24 + 4 = 28, ಅದರ ಅರ್ಧ 14, ಮತ್ತೆ 28ನ್ನು 0.866ರಿಂದ ಗುಣಿಸಿದರೆ 24.25. ಹೀಗಿಟ್ಟರೆ ಎಲ್ಲ ಕಡೆ ಕಡ್ಡಿ 4 ಮಿ.ಮೀ. ಬರುತ್ತದೆ. ಎಷ್ಟೋ ಜನ ಇಲ್ಲಿ ಅಂದಾಜಿಗೆ 25 ಹಾಕಿ, ಓರೆ ಕಡ್ಡಿ ಯಾಕೆ ದಪ್ಪ ಅಂತ ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ.

ಫ್ರೀಕ್ಯಾಡ್‌ನ ಪಾರ್ಟ್ ವರ್ಕ್‌ಬೆಂಚ್‌ನಲ್ಲಿ (ಉಪಕರಣಗಳ ಗುಂಪು) ಅದನ್ನು ಎಕ್ಸ್‌ಟ್ರೂಡ್ ಮಾಡಿ, ಅಂದರೆ ದಪ್ಪ ಕೊಟ್ಟು ಘನ ಮಾಡಿ. ಡ್ರಾಫ್ಟ್ ವರ್ಕ್‌ಬೆಂಚ್‌ನ ಆರ್ಥೋ ಅರೇಯಲ್ಲಿ ಅಡ್ಡಕ್ಕೆ 14 ಸಲ 28ರಂತೆ, ಉದ್ದಕ್ಕೆ 18 ಸಲ 48.5ರಂತೆ (24.25ರ ಎರಡರಷ್ಟು) ಹರಡಿ. ಹೊರಗೆ ಎಷ್ಟು ಚಾಚಿದರೂ ಚಿಂತೆಯಿಲ್ಲ. ಪಟ್ಟಿಯ ಒಳಗಿನ ಕಮಾನಿನ ಪೂರ್ತಿ ಆಕಾರವನ್ನು ಬೇರೆ ಸ್ಕೆಚ್‌ನಲ್ಲಿ ಬರೆದು ಎಕ್ಸ್‌ಟ್ರೂಡ್ ಮಾಡಿ, ಅರೇ ಜೊತೆ ಬೂಲಿಯನ್ ಕಾಮನ್ (ಎರಡು ಘನಗಳು ಸೇರುವ ಭಾಗವನ್ನಷ್ಟೇ ಉಳಿಸುವ ಆಜ್ಞೆ) ಕೊಡಿ. ಕಮಾನಿನ ಒಳಗಿದ್ದಷ್ಟೇ ಉಳಿಯುತ್ತದೆ. ಕೊನೆಗೆ ಹಲಗೆಯಿಂದ ಅದನ್ನು ಕಟ್ ಮಾಡಿ (ಕಳೆಯಿರಿ).

ಒಂದು ಮಾತು. ಷಟ್ಕೋನಗಳು, ಕಮಾನು ಎರಡೂ ಹಲಗೆಯ ಮೇಲೂ ಕೆಳಗೂ 2 ಮಿ.ಮೀ. ಆಚೆ ಚಾಚಿರಲಿ. ಮುಖಕ್ಕೆ ಮುಖ ಸರಿಯಾಗಿ ಅಂಟಿಕೊಂಡಿದ್ದರೆ ಬೂಲಿಯನ್ ಕೆಲವು ಸಲ ಕೈ ಕೊಡುತ್ತದೆ.

ಹಳೇಡ್ರಾಫ್ಟ್ಸ್‌ಮನ್:
ಇಷ್ಟೆಲ್ಲ ಯಾಕೆ? ಆಟೋಕ್ಯಾಡ್ (ಇನ್ನೊಂದು ನಕ್ಷೆ ತಂತ್ರಾಂಶ) ಇದ್ದರೆ ಎಕ್ಸ್‌ಪ್ರೆಸ್ ಟೂಲ್ಸ್‌ನಲ್ಲಿ ಎಕ್ಸ್‌ಟ್ರಿಮ್ ಅಂತ ಇದೆ. ಅರೇಯನ್ನು ಎಕ್ಸ್‌ಪ್ಲೋಡ್ ಮಾಡಿ (ಬಿಡಿ ಬಿಡಿ ಮಾಡಿ), ಕಮಾನು ಆರಿಸಿ, ಹೊರಗಡೆ ಒಂದು ಕ್ಲಿಕ್. ಮುಗೀತು.

ಅರ್ಧಮಿಲಿ:
ಅದೂ ಆಗುತ್ತದೆ ಸರ್, ಅಡ್ಡ ಹಾಯುವ ಗೆರೆಗಳೆಲ್ಲ ಒಂದೇ ಏಟಿಗೆ ಹೋಗುತ್ತವೆ. ಆದರೆ ಅಂಚಿನ ಷಟ್ಕೋನಗಳು ಬಾಯಿ ತೆರೆದುಕೊಂಡು ನಿಲ್ಲುತ್ತವೆ. ಒಂದೊಂದನ್ನೂ ಬೌಂಡರಿ ಕಮಾಂಡ್‌ನಿಂದ ಮುಚ್ಚಬೇಕು, ಇಲ್ಲದಿದ್ದರೆ ಆ ಚೂರು ಹಲಗೆಯಿಂದ ಬಿಡೋದೇ ಇಲ್ಲ. ಕಾಮನ್‌ನಲ್ಲಿ ಎಲ್ಲ ಮುಚ್ಚಿಕೊಂಡೇ ಬರುತ್ತವೆ.

ಇಂಕ್‌ಸ್ಕೇಪ್‌ (ಚಿತ್ರ ಬರೆಯುವ ತಂತ್ರಾಂಶ) ಬಳಸುವವರಿಗೂ ಹೇಳಿಬಿಡುತ್ತೇನೆ. ಕ್ಲಿಪ್ ಹಾಕಿ ಕಳಿಸಬೇಡಿ. ಅದು ಬರೀ ಮರೆಮಾಡುತ್ತದೆ, ಗೆರೆ ಕೆಳಗೆ ಹಾಗೇ ಇರುತ್ತದೆ. ನಾನು ಒಮ್ಮೆ ಹಾಗೆ ಕಳಿಸಿ, ಪಟ್ಟಿ ಮೇಲೆಲ್ಲ ಷಟ್ಕೋನ ಕೊರೆಸಿಕೊಂಡು ಮನೆಗೆ ತಂದಿದ್ದೇನೆ. ಎಲ್ಲ ಷಟ್ಕೋನಗಳನ್ನು ಕಂಬೈನ್ ಮಾಡಿ (ಒಂದಾಗಿಸಿ), ಆಮೇಲೆ ಕಮಾನಿನ ಜೊತೆ ಇಂಟರ್‌ಸೆಕ್ಷನ್ ಕೊಡಿ.

ಮರದಪುಡಿ:
ಕಾಮನ್ ಕೆಲಸ ಮಾಡಿತು! ಕಮಾನಿನ ಎತ್ತರ ಬದಲಿಸಿದರೂ ತಾನೇ ಸರಿಹೋಗುತ್ತದೆ. ಈಗ ಎರಡು ತೊಂದರೆ. ಕಮಾನಿನ ಬಾಗಿನಲ್ಲಿ ಎಡಕ್ಕೆ ಮೂರು, ಬಲಕ್ಕೆ ಎರಡು ಅಕ್ಕಿಕಾಳಿನಷ್ಟು ಸಣ್ಣ ರಂಧ್ರ ಉಳಿದಿವೆ. ಇನ್ನೊಂದು, ಡಿಎಕ್ಸ್‌ಎಫ್ (ಕಟಿಂಗ್‌ಗೆ ಕೊಡುವ ನಕ್ಷೆಯ ಫೈಲ್) ತೆರೆದ ಲೇಸರ್ ಅಂಗಡಿಯವರು ಪ್ರತಿ ಗೆರೆ ಎರಡೆರಡು ಸಲ ಇದೆ, ಕೊಯ್ದರೆ ಅಂಚು ಸುಡುತ್ತದೆ ಎಂದರು.

ಅರ್ಧಮಿಲಿ:
ಎಡ ಬಲ ಲೆಕ್ಕ ಬೇರೆ ಇದೆ ಅಂದರೆ ನಿಮ್ಮ ಅರೇ ನಡುವಿಗೆ ಕೂತಿಲ್ಲ. ಮೊದಲ ಸಾಲಿನಲ್ಲಿ 14 ಇವೆ ಅಲ್ವಾ, ಏಳನೇದು ಎಂಟನೇದರ ನಡುವಿನ ಕಡ್ಡಿ ಬಾಗಿಲಿನ ನಡುಗೆರೆ ಮೇಲೆ ಬರಬೇಕು. ಆಗ ಎರಡನೇ ಸಾಲಿನ ಕೊನೆಯದು ಪೂರ್ತಿ ಹೊರಗೆ ಬೀಳುತ್ತದೆ, ಬೀಳಲಿ. ಆಮೇಲೆ ಮೂಲ ಸ್ಕೆಚ್ಚನ್ನು 3, 5, 7 ಮಿ.ಮೀ. ಹೀಗೆ ಕೆಳಗೆ ಸರಿಸಿ ನೋಡುತ್ತಾ ಹೋಗಿ. ಯಾವುದೋ ಒಂದು ಜಾಗದಲ್ಲಿ ಚೂರುಗಳು ಕಮ್ಮಿಯಾಗುತ್ತವೆ. ಆಮೇಲೂ ಉಳಿದರೆ ಆ ರಂಧ್ರವನ್ನೇ ಮುಚ್ಚಿಬಿಡಿ, ಅಲ್ಲಿ ಕೊಯ್ಯುವುದೇ ಬೇಡ. ಆ ಜಾಗ ತುಂಬಿಕೊಂಡಿದ್ದರೂ ನೋಡೋಕೆ ಪಟ್ಟಿಯ ಭಾಗದ ಥರವೇ ಕಾಣುತ್ತದೆ.

ಎರಡೆರಡು ಗೆರೆ: ನೀವು ಪೂರ್ತಿ ಹಲಗೆ ಆರಿಸಿ ಎಕ್ಸ್‌ಪೋರ್ಟ್ ಮಾಡಿದ್ದೀರಿ. ಮೇಲ್ಮುಖದ ಗೆರೆ, ಕೆಳಮುಖದ ಗೆರೆ ಒಂದರ ಮೇಲೊಂದು ಕೂತಿವೆ. ಮೇಲ್ಮುಖ ಮಾತ್ರ ಕ್ಲಿಕ್ ಮಾಡಿ, ಡ್ರಾಫ್ಟ್‌ನಲ್ಲಿ ಶೇಪ್ 2ಡಿ ವ್ಯೂ (ಚಪ್ಪಟೆ ಗೆರೆಚಿತ್ರ) ಕೊಟ್ಟು, ಅದನ್ನು ಎಕ್ಸ್‌ಪೋರ್ಟ್ ಮಾಡಿ.

ಮರದಪುಡಿ:
5 ಮಿ.ಮೀ. ಇಳಿಸಿದೆ. ಎರಡು ಕಡೆಯೂ ಒಂದೊಂದೇ ಚೂರು ಉಳಿಯಿತು, ಮುಚ್ಚಿಬಿಟ್ಟೆ. ಗೆರೆಯೂ ಒಂದೇ ಬಂದಿದೆ. ನಾಳೆ ಮೊದಲು ಕಮಾನಿನ ಮೂಲೆಯಷ್ಟನ್ನೇ ರಟ್ಟಿನ ಮೇಲೆ ಕೊಯ್ಸಿ ನೋಡುತ್ತೇನೆ.