ಕೋರ್ ಅಪ್‌ಡೇಟ್ ಬರಲಿ ಅಂತ ಕಾಯಬೇಕಾ, ಈಗಲೇ ಸೈಟ್ ಸರಿ ಮಾಡಬೇಕಾ?

ದಾವಣಗೆರೆ_ಅಡುಗೆ: ಗೂಗಲ್ ಮುಂದಿನ ಕೋರ್ ಅಪ್‌ಡೇಟ್ (ಹುಡುಕಾಟದಲ್ಲಿ ಯಾವ ಪುಟ ಮೇಲೆ ಬರಬೇಕು ಅನ್ನುವ ಲೆಕ್ಕದಲ್ಲಿ ಮಾಡುವ ದೊಡ್ಡ ಬದಲಾವಣೆ) ಬಿಡುವವರೆಗೆ ಸೈಟ್ ಮುಟ್ಟಲೇಬೇಡಿ ಅಂತ ಪರಿಚಯದವರೊಬ್ಬರು ಹೇಳಿದ್ದಾರೆ. ಸೈಟ್ ಎಷ್ಟು ಬಲವಾಗಿದೆ ಅಂತ ಅಳೆಯುವ ಡೊಮೇನ್ ಅಥಾರಿಟಿ ಸ್ಕೋರ್ ಮಾತ್ರ ನೋಡುತ್ತಾ ಇರಿ, ಅದು ಏರಿದರೆ ರ‍್ಯಾಂಕ್ ತಾನಾಗೇ ಏರುತ್ತದೆ ಅಂತಾರೆ. ನನ್ನದು ಕನ್ನಡದ ಅಡುಗೆ ಸೈಟ್. ಸ್ಕೋರ್ 12ರಲ್ಲೇ ನಿಂತಿದೆ. ಕಾಯಬೇಕಾ?

ಕಂಟೆಂಟ್_ಸ್ವಾಮಿ: ಕಾಯಲೇಬೇಕು ಮೇಡಂ. ಸೈಟ್ ಸುಧಾರಿಸಿದ ಮೇಲೂ ಫಲ ಕಾಣಲು ಹಲವು ತಿಂಗಳು ಹಿಡಿಯಬಹುದು ಅಂತ ಗೂಗಲ್‌ನವರೇ ಬರೆದಿದ್ದಾರೆ. 2024ರ ಮಾರ್ಚ್ ಅಪ್‌ಡೇಟ್ ಪೂರ್ತಿ ಜಾರಿಯಾಗುವುದಕ್ಕೇ 45 ದಿನ ಬೇಕಾಯಿತು. ನಡುವೆ ಕೈ ಹಾಕಿದರೆ ಯಾವುದರಿಂದ ಏರಿತು, ಯಾವುದರಿಂದ ಇಳಿಯಿತು ಅಂತ ಗೊತ್ತೇ ಆಗುವುದಿಲ್ಲ. ಹಿಂದೆ, ಬೇರೆ ಸೈಟ್‌ಗಳಿಂದ ಬರುವ ಲಿಂಕ್ ನೋಡಿ ಗೂಗಲ್ ಪುಟಕ್ಕೆ ಕೊಡುತ್ತಿದ್ದ ಅಂಕಿಯಾದ ಪೇಜ್‌ರ‍್ಯಾಂಕ್ ಅಪ್‌ಡೇಟ್‌ಗೂ ಎಲ್ಲರೂ ಹೀಗೇ ಕಾಯುತ್ತಿದ್ದರು. 2016ರಲ್ಲಿ ಅದು ಸತ್ತಿತು, ಈಗ ಇದಕ್ಕೆ ಕಾಯುತ್ತೇವೆ.

ಮಲ್ನಾಡ್_ಕೋಡ್: "ಹಲವು ತಿಂಗಳು" ಅನ್ನೋದನ್ನು ಮಾತ್ರ ಎತ್ತಿಕೊಂಡಿರಲ್ಲ ಸ್ವಾಮಿ? ಕೆಲವು ಬದಲಾವಣೆಗಳ ಫಲ ಕೆಲವೇ ದಿನಗಳಲ್ಲಿ ಕಾಣಬಹುದು ಅಂತ ಅದೇ ಪುಟದಲ್ಲಿದೆ. ಘೋಷಣೆ ಇಲ್ಲದ ಸಣ್ಣ ಕೋರ್ ಅಪ್‌ಡೇಟ್‌ಗಳು ಬರುತ್ತಲೇ ಇರುತ್ತವೆ ಅಂತಲೂ ಇದೆ. ಇನ್ನು ಡೊಮೇನ್ ಅಥಾರಿಟಿ ಗೂಗಲ್‌ದೇ ಅಲ್ಲ. ಮಾಜ್ ಅನ್ನುವ ಕಂಪನಿ 1ರಿಂದ 100ರವರೆಗೆ ಹಾಕುವ ಅಂದಾಜು ಅದು. ಅದನ್ನು ನೋಡುತ್ತಾ ಕೂತರೆ ಏನು ಬಂತು?

ಹಳೇ_ವೆಬ್‌ಮಾಸ್ಟರ್: "2016ರಲ್ಲಿ ಸತ್ತಿತು" ಅನ್ನೋದು ತಪ್ಪು. ಬ್ರೌಸರ್‌ಗೆ ಸೇರಿಸಿಕೊಳ್ಳುತ್ತಿದ್ದ ಗೂಗಲ್ ಟೂಲ್‌ಬಾರ್‌ನಲ್ಲಿ ಕಾಣುತ್ತಿದ್ದ ಆ ಅಂಕಿ ಕೊನೆಯ ಸಲ ಬದಲಾಗಿದ್ದು 2013ರ ಡಿಸೆಂಬರ್‌ನಲ್ಲಿ. 2016ರಲ್ಲಿ ತೆಗೆದಿದ್ದು ಆಗಲೇ ನಿಂತುಹೋಗಿದ್ದ ಅಂಕಿಯನ್ನು. ಆ ಕಾಲ ಕಂಡವನು ನಾನು. ಬ್ರೌಸರ್‌ನ ಮೇಲ್ಗಡೆ ಪುಟ್ಟ ಹಸಿರು ಪಟ್ಟಿ, ಮೌಸ್ ಇಟ್ಟರೆ 0ಯಿಂದ 10ರೊಳಗೆ ಒಂದು ಅಂಕಿ. 3 ಇದ್ದದ್ದು 4 ಆಯಿತಾ ಅಂತ ತಿಂಗಳುಗಟ್ಟಲೆ ಕಾಯುತ್ತಿದ್ದೆವು, ಆದರೆ ಪಟ್ಟಿ ಬದಲಾಗುವಷ್ಟರಲ್ಲಿ ಗೂಗಲ್ ಒಳಗಿನ ನಿಜವಾದ ಲೆಕ್ಕ ಎಲ್ಲೋ ಮುಂದೆ ಹೋಗಿರುತ್ತಿತ್ತು.

ಕಂಟೆಂಟ್_ಸ್ವಾಮಿ: ಅಂಕಿ ಕಣ್ಣಿಗೆ ಕಾಣುವವರೆಗೆ ಬದುಕಿತ್ತು, ತೆಗೆದಾಗ ಸತ್ತಿತು. 2016 ಅಂದಿದ್ದು ಸರಿಯಾಗೇ ಇದೆ.

ಹಳೇ_ವೆಬ್‌ಮಾಸ್ಟರ್: ಎರಡು ವರ್ಷ ಅಲ್ಲಾಡದ ಅಂಕಿಯನ್ನು ಬದುಕಿತ್ತು ಅಂತೀರಾ? 2014ರಲ್ಲೇ ಗೂಗಲ್‌ನ ಜಾನ್ ಮ್ಯೂಲರ್, ಇನ್ನು ಬಹುಶಃ ಅಪ್‌ಡೇಟ್ ಮಾಡುವುದಿಲ್ಲ ಅಂದಿದ್ದರು.

ಮಲ್ನಾಡ್_ಕೋಡ್: ಇಬ್ಬರದೂ ತಪ್ಪು. ಸತ್ತಿದ್ದು ಟೂಲ್‌ಬಾರ್ ಅಂಕಿ, ಪೇಜ್‌ರ‍್ಯಾಂಕ್ ಅಲ್ಲ. ಲ್ಯಾರಿ ಪೇಜ್, ಸರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಕಟ್ಟಿದ ಆ ಲೆಕ್ಕವನ್ನು ಈಗಲೂ ಬಳಸುತ್ತೇವೆ ಅಂತ ಗೂಗಲ್‌ನ ಗ್ಯಾರಿ ಇಲ್ಯೀಸ್ 2017ರಲ್ಲಿ ಹೇಳಿದ್ದಾರೆ.

ಕಂಟೆಂಟ್_ಸ್ವಾಮಿ: "ಈಗಲೂ ಬಳಸುತ್ತೇವೆ"! ನೋಡಿ, ಲಿಂಕ್‌ಗೆ ಬೆಲೆ ಇದೆ ಅಂತ ನೀವೇ ಒಪ್ಪಿಕೊಂಡಿರಿ. ಡೊಮೇನ್ ಅಥಾರಿಟಿಯೂ ಲಿಂಕ್ ಲೆಕ್ಕವೇ. ಮೇಡಂ, ಒಳ್ಳೆ ಸ್ಕೋರ್ ಇರುವ ನಾಲ್ಕು ಕಡೆಯಿಂದ ಲಿಂಕ್ ಹಾಕಿಸಿ, ಆಮೇಲೆ ಕಾಯಿರಿ.

ಹಳೇ_ವೆಬ್‌ಮಾಸ್ಟರ್: ಲಿಂಕ್ ಹಾಕಿಸೋದು ಅಂದರೆ ದುಡ್ಡು ಕೊಟ್ಟು ತಾನೇ? 2007ರ ಅಕ್ಟೋಬರ್‌ನಲ್ಲಿ ಲಿಂಕ್ ಮಾರುತ್ತಿದ್ದ ಎಷ್ಟೋ ಸೈಟ್‌ಗಳ ಅಂಕಿಯನ್ನು ಗೂಗಲ್ ಇಳಿಸಿಬಿಟ್ಟಿತು. ಅವರಿಗೂ ನಿಮ್ಮಂಥವರೇ ಬುದ್ಧಿ ಹೇಳಿದ್ದು.

ಕಂಟೆಂಟ್_ಸ್ವಾಮಿ: "ನಿಮ್ಮಂಥವರು" ಅಂದರೆ ಏನ್ರೀ ಅರ್ಥ? ದುಡ್ಡು ಅನ್ನೋ ಪದ ನಾನು ಎಲ್ಲಿ ಬರೆದಿದ್ದೇನೆ, ತೋರಿಸಿ. ಹತ್ತು ಜನರ ಎದುರು ನನ್ನನ್ನು ಲಿಂಕ್ ದಲ್ಲಾಳಿ ಮಾಡಬೇಡಿ.

ಹಳೇ_ವೆಬ್‌ಮಾಸ್ಟರ್: ಪದ ಬರೆದಿಲ್ಲ, ಸರಿ. ಸ್ಕೋರ್ ನೋಡಿ ಲಿಂಕ್ ಹುಡುಕಿ ಅಂದಿರಿ. ಆ ದಾರಿ ಎಲ್ಲಿಗೆ ಹೋಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಶಿರಸಿ_ಓದುಗಿ: ದಾವಣಗೆರೆ ಅಕ್ಕ, ಇವರ ಜಗಳ ಬಿಡಿ. ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ತೆರೆದು, ಜನ ಏನು ಟೈಪ್ ಮಾಡಿ ನಿಮ್ಮ ಪುಟಕ್ಕೆ ಬರುತ್ತಾರೆ ಅಂತ ನೋಡಿ. "ಬೆಣ್ಣೆ ದೋಸೆ ಮಾಡುವ ವಿಧಾನ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರೂ ಇರುತ್ತಾರೆ. ನಿಮ್ಮ ಪುಟದಲ್ಲಿ ಅಳತೆ ಕೆಳಗೆಲ್ಲೋ ಇದೆ. ಅಕ್ಕಿ, ಉದ್ದು, ಮಂಡಕ್ಕಿ ಎಷ್ಟೆಷ್ಟು ಅಂತ ಮೊದಲೇ ಹಾಕಿ. ಇನ್ನೊಂದು, ನಿಮ್ಮ ಪುಟದ ವಿಳಾಸ ಕನ್ನಡದಲ್ಲಿದೆ, ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಬರೀ ಪರ್ಸೆಂಟ್ ಗುರುತಿನ ಉದ್ದ ಸಾಲು ಬರುತ್ತದೆ. ಒಂದೊಂದು ಕನ್ನಡ ಅಕ್ಷರಕ್ಕೂ ಕಡಿಮೆ ಅಂದರೂ ಒಂಬತ್ತು ಚಿಹ್ನೆ. ನೋಡಿದವರಿಗೆ ವೈರಸ್ ಅನ್ನಿಸುತ್ತದೆ, ಒತ್ತುವುದೇ ಇಲ್ಲ.

ಕಂಟೆಂಟ್_ಸ್ವಾಮಿ: ವಿಳಾಸವನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದರೆ ಇರುವ ಲಿಂಕ್‌ಗಳ ಬಲವೂ ಹೋಗುತ್ತದೆ. ಇದೇ ನಾನು ಹೇಳಿದ್ದು, ಅಪ್‌ಡೇಟ್ ಮುಂಚೆ ಮುಟ್ಟಬೇಡಿ.

ಮಲ್ನಾಡ್_ಕೋಡ್: ಹೋಗುವುದಿಲ್ಲ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿದರೆ ಪೇಜ್‌ರ‍್ಯಾಂಕ್ ಕಳೆದುಹೋಗುವುದಿಲ್ಲ ಅಂತ ಅದೇ ಗ್ಯಾರಿ 2016ರಲ್ಲಿ ಹೇಳಿದ್ದಾರೆ.

ಕಂಟೆಂಟ್_ಸ್ವಾಮಿ: ಎಲ್ಲದಕ್ಕೂ ಗ್ಯಾರಿ ಹೇಳಿದ್ದೇ ವೇದವಾ? ಸ್ವಂತ ಸೈಟ್‌ನಲ್ಲಿ ಮಾಡಿ ನೋಡಿದ್ದೀರಾ?

ಮಲ್ನಾಡ್_ಕೋಡ್: ಮಾಡಿದ್ದೇನೆ. ನೀವು ಗೂಗಲ್ ಪುಟದ ಅರ್ಧ ವಾಕ್ಯ ಹಿಡಿದುಕೊಂಡು ಬಂದಾಗ ಅದು ವೇದ ಆಗಿರಲಿಲ್ವಾ?

ದಾವಣಗೆರೆ_ಅಡುಗೆ: ಶಿರಸಿಯವರೇ, ಅಳತೆಗಳನ್ನು ಇವತ್ತೇ ಮೇಲೆ ಹಾಕುತ್ತೇನೆ. ವಿಳಾಸ ಹಳೆಯ ಪುಟಗಳಿಗೂ ಬದಲಾಯಿಸಬೇಕಾ, ಹೊಸದಕ್ಕೆ ಮಾತ್ರ ಸಾಕಾ?

ಹಳೇ_ವೆಬ್‌ಮಾಸ್ಟರ್: ಹೊಸದಕ್ಕೆ ಮಾತ್ರ ಸಾಕು. ಸ್ವಾಮಿಯವರು 2013ರ ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ.