ಸಹಾಯ ಬೇಕು: ಪದ್ಮಿನಿ ಕಾರಿನ ಹಿಂದಿನ ಷಾಕ್ ಅಬ್ಸಾರ್ಬರ್ ಬೋಲ್ಟ್ ಬಿಚ್ಚಲು ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ 1984ರ ಪ್ರೀಮಿಯರ್ ಪದ್ಮಿನಿಗೆ ಹೊಸ ಷಾಕ್ ಅಬ್ಸಾರ್ಬರ್ ಹಾಕಿಸುತ್ತಿದ್ದೇನೆ. ಮುಂದಿನವು ಸಲೀಸಾಗಿ ಬಂದವು. ಹಿಂದಿನ ಎಡಗಡೆಯ ಕೆಳತುದಿಯಲ್ಲಿ ಮಾತ್ರ ಕೆಲಸ ನಿಂತಿದೆ. ಅಲ್ಲಿ ಹಿಂದೆ ಯಾರೋ ಬದಲಿ ಬೋಲ್ಟ್ ಹಾಕಿದ್ದಾರೆ, ಅಳತೆ ಹೊಂದದ ಸ್ಪ್ಯಾನರಿನಿಂದ ಅದರ ತಲೆಯ ಮೂಲೆಗಳನ್ನೆಲ್ಲ ಸವೆಸಿಯೂ ಇದ್ದಾರೆ. ಆರು ಮೂಲೆಯ ಸಾಕೆಟ್ ಕೂಡ ಜಾರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರೂ ಕದಲಲಿಲ್ಲ. ಬೋಲ್ಟ್ ಹಾದುಹೋಗುವ ರಬ್ಬರ್ ಬಳೆಯ, ಅಂದರೆ ಬುಷ್‌ನ ಒಳಗಿರುವ ಕಬ್ಬಿಣದ ಕೊಳವೆಗೇ ಬೋಲ್ಟ್ ತುಕ್ಕು ಹಿಡಿದು ಅಂಟಿಕೊಂಡಿರಬೇಕು. ತಿರುಗಿಸಿದರೆ ಬುಷ್ ಸಮೇತ ತಿರುಚಿಕೊಳ್ಳುತ್ತದೆ.

ಗ್ಯಾಸ್ ಜ್ವಾಲೆಯಿಂದ ಕಾಯಿಸೋಣ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಪೆಟ್ರೋಲ್ ಟ್ಯಾಂಕ್ ಹಿಂಭಾಗದಲ್ಲೇ ಇದೆ, ಷಾಕ್ ಅಬ್ಸಾರ್ಬರಿನ ಮುಚ್ಚಿದ ಕೊಳವೆಯೊಳಗೆ ಎಣ್ಣೆಯೂ ಇದೆ. ಹಳೆಯದನ್ನು ಹೇಗೂ ಎಸೆಯುವುದರಿಂದ ಬುಷ್‌ನ ಪಕ್ಕದಲ್ಲಿ ಗರಗಸದಿಂದ ಬೋಲ್ಟನ್ನೇ ಕತ್ತರಿಸುವುದು ಸುರಕ್ಷಿತ ಎಂದು ನನಗನ್ನಿಸುತ್ತದೆ. ಆದರೆ ಪಟ್ಟಿ ಸ್ಪ್ರಿಂಗಿನ ತಟ್ಟೆಗೆ ಗಾಯವಾಗಬಾರದು.

ಈ ಜಾಗದಲ್ಲಿ ಗರಗಸದ ಅಲಗು ಆಡಿಸಿದವರು ಯಾರಾದರೂ ಇದ್ದೀರಾ? ಯಾವ ಕಡೆಯಿಂದ ಕೊಯ್ಯಬೇಕು, ದಯವಿಟ್ಟು ತಿಳಿಸಿ. ಹೊಸದಕ್ಕೆ 8.8 ದರ್ಜೆಯ (ಹೆಚ್ಚು ಬಲದ ಉಕ್ಕಿನ) ಬೋಲ್ಟ್ ಮತ್ತು ನೈಲಾನ್ ಲಾಕ್ ನಟ್ ಹಾಕುವ ಯೋಚನೆಯಿದೆ. ಮೂಲ ಅಳತೆಯ ಬೋಲ್ಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈಗಲೂ ಸಿಗುತ್ತದೆಯೇ? ಗಾಡಿ ಸ್ಟ್ಯಾಂಡಿನ ಮೇಲೆಯೇ ಇದೆ, ಬೇಕಾದ ಕೋನದಿಂದ ಫೋಟೊ ತೆಗೆದು ಹಾಕುತ್ತೇನೆ.